ವಚನ ಪಿತಾಮಹರ ವಕೀಲಿಕೆ

ಶಿಕಾರಿಪುರ ಸೀಮೆಯ ಉಡುತಡಿ ಎಂದೊಡನೆ ಅಕ್ಕಮಹಾದೇವಿ ನೆನಪಾಗುತ್ತಾಳೆ. ಆಕೆಯ ವಚನಗಳು ತಾಳೆಗರಿಯಿಂದ ಅಚ್ಚಿಗೆ ಬಂದ ದಾರಿಯನ್ನು ಕುರಿತು ಕೇಳುವವರು ವಿರಳ. ಆ ದಾರಿಯಲ್ಲಿ ವಿಜಾಪುರದ ವಕೀಲರೊಬ್ಬರು ನಿಂತಿದ್ದಾರೆ: ಫ.ಗು. ಹಳಕಟ್ಟಿ (1880–1964).

‘ವಚನ ಪಿತಾಮಹ’ ಎಂಬ ಬಿರುದು ಅವರಿಗೆ ಸಲ್ಲತಕ್ಕದ್ದೇ. ಆದರೆ ಅದು ಅವರ ಬಾಳಿನ ಉಳಿದ ಮುಖಗಳನ್ನು ಮಸುಕುಗೊಳಿಸಿದೆ. 1904ರಲ್ಲಿ ಕಾನೂನು ಪದವಿ ಪಡೆದು ವಕೀಲಿಕೆಗೆ ತೊಡಗಿದ ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಸ್ಥಾಪಿಸಿದರು. ಮುಂಬಯಿ ಶಾಸನ ಸಭೆಯ ಸದಸ್ಯರೂ ಆದರು. ಜೀವನಚರಿತ್ರೆಗಳು ಇವನ್ನೆಲ್ಲ ಪಟ್ಟಿ ಮಾಡಿ ಮುಂದೆ ಸಾಗುತ್ತವೆ. ನನ್ನ ದೃಷ್ಟಿಯಲ್ಲಿ ವಚನಕಾರ್ಯದ ಬುನಾದಿ ಇರುವುದು ಇಲ್ಲಿಯೇ.

ಸಾಕ್ಷ್ಯವನ್ನು ಒರೆಗೆ ಹಚ್ಚುವುದು ವಕೀಲನ ನಿತ್ಯದ ಕೆಲಸ. ಓಲೆಪ್ರತಿಗಳನ್ನು ತಾಳೆ ನೋಡುವ ಸಂಪಾದಕನದೂ ಅದೇ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ತೀರ್ಥಂಕರನ ಹೆಸರಿನ ಅಚ್ಚುಕೂಟದಿಂದ ಶರಣರ ನುಡಿ ಹೊರಬಂದುದನ್ನು ನಮ್ಮ ಸಾಹಿತ್ಯಚರಿತ್ರೆ ಗಮನಿಸಬೇಕು. ಬಳಿಕ ಅವರು ಸ್ವಂತ ಮನೆಯನ್ನೇ ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಭಕ್ತಿ ಗ್ರಂಥವನ್ನು ಹುಡುಕಿಕೊಡಬಲ್ಲದು, ಉಳಿಸಲು ಸಂಸ್ಥೆ ಬೇಕು ಎಂಬ ಅರಿವು ಬ್ಯಾಂಕು ಕಟ್ಟಿದವರಿಗೆ ಸಹಜವಾಗಿತ್ತು.

ಆದುದರಿಂದ ಪಾಠಾಂತರಗಳನ್ನು ಗುರುತಿಸುವ ಸಂಶೋಧಕರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಕಾಗದಕ್ಕೆ, ಅಚ್ಚುಮೊಳೆಗೆ ಹಣ ಕೊಟ್ಟವರು ಯಾರು? ಜೈನ ಕಾವ್ಯಗಳ ಸಂಪಾದನೆಗೂ ಈ ಪ್ರಶ್ನೆ ಸಲ್ಲುತ್ತದೆ. ಇದನ್ನು ಕೇಳದ ಗ್ರಂಥಸಂಪಾದನಾ ಚರಿತ್ರೆ ಅರ್ಧ ಚರಿತ್ರೆ.