ಡಂಗುರವಿಲ್ಲದ ನಿಷೇಧ

ಪುಸ್ತಕಕ್ಕೆ ಬ್ಯಾನ್, ಚಲಚ್ಚಿತ್ರಕ್ಕೆ ಬ್ಯಾನ್, ಪಟಾಕಿಗೆ ಬ್ಯಾನ್! ಈ ಆಂಗ್ಲ ಶಬ್ದವು ಈಗ ನಮ್ಮ ಹಳ್ಳಿಗನ ಬಾಯಲ್ಲಿಯೂ ಸಲೀಸಾಗಿ ಹೊರಳುತ್ತಿರುವದು. ಆದರೆ ಇದರ ಮೂಲಾರ್ಥದಲ್ಲಿ ನಿಷೇಧದ ಸುಳಿವೇ ಇಲ್ಲವೆಂದರೆ ವಾಚಕರಿಗೆ ಸೋಜಿಗವಾದೀತು. ಹಳೆಯ ಆಂಗ್ಲ ಭಾಷೆಯಲ್ಲಿ 'ಬನ್ನನ್' ಎಂದರೆ ಕರೆಯುವದು, ಸಾರುವದು. ಇಂಗ್ಲೆಂಡಿನ ಇಗರ್ಜಿಗಳಲ್ಲಿ ವಿವಾಹಕ್ಕೆ ಮೊದಲು ವಧೂವರರ ಹೆಸರುಗಳನ್ನು ಮೂರು ಭಾನುವಾರ ಸಾರುವ ವಿಧಿಗೆ ಇಂದಿಗೂ 'ಬ್ಯಾನ್ಸ್' ಎಂದೇ ಹೆಸರು. ಅಲ್ಲಿ ಉದ್ದೇಶವು ತಡೆಯುವದಲ್ಲ. ತಕರಾರುಳ್ಳವರು ಮುಂದೆ ಬರಲೆಂಬುದು.

ಭಾಷಾಶಾಸ್ತ್ರಜ್ಞರು ಇದರ ಬೇರನ್ನು 'ನುಡಿ' ಎಂಬರ್ಥದ ಪ್ರಾಚೀನ ಧಾತುವಿನಲ್ಲಿ ಕಾಣುತ್ತಾರೆ. ಸಂಸ್ಕೃತದ 'ಭಣ್' ಸಹ ಅದೇ ಮನೆತನದ್ದು. ಅಂದಮೇಲೆ ನಮ್ಮ ಕವಿಗಳ 'ಭಣಿತಿ'ಯೂ ಸರಕಾರದ 'ಬ್ಯಾನ್' ಸಹ ದಾಯಾದಿಗಳೇ ಸರಿ! ಕವಿಗೂ ಸೆನ್ಸಾರಿನವನಿಗೂ ಇಷ್ಟು ಹತ್ತಿರದ ನಂಟಿರುವದೆಂದು ಯಾರು ಬಗೆದಿದ್ದರು?

ಸಾರಿದ ಮಾತು ಒಡೆಯನದಾದ್ದರಿಂದ ಮೀರಿದವನಿಗೆ ದಂಡ ತಪ್ಪಲಿಲ್ಲ. ಹೀಗೆ ಸಾರಣೆಯೇ ಕ್ರಮೇಣ ತಡೆಯಾಯಿತು. ಇಟಲಿಯಲ್ಲಿ ಸಾರಿ ಹೊರಗಟ್ಟಿದವನೇ 'ಬ್ಯಾಂಡಿಟ್'. ಫ್ರಾನ್ಸಿನಲ್ಲಿ ಒಕ್ಕಲು ಜನರು ಒಡೆಯನ ಗಿರಣಿಯಲ್ಲಿಯೇ ಹಿಟ್ಟು ಬೀಸಿಸಬೇಕೆಂಬ ಕಟ್ಟಳೆಯಿತ್ತು. ಎಲ್ಲರೂ ಬಳಸುವ ಆ ಗಿರಣಿಗಿದ್ದ 'ಬನಾಲ್' ಎಂಬ ವಿಶೇಷಣವು ಮುಂದೆ ಸವಕಲೆಂಬ ಅರ್ಥ ತಾಳಿತು.

ಈ ಶಬ್ದವಂಶಾವಳಿಯನ್ನು ಕೆದಕಲು ಕಾರಣವುಂಟು. ಬ್ಯಾನ್ ಎಂಬುದು ಹುಟ್ಟಿನಿಂದ ಬಹಿರಂಗದ ಮಾತು. ಪತ್ರಿಕೆಗಳ ಕೊರಳು ಹಿಸುಕಿ 1922ರಲ್ಲಿ ರದ್ದಾದ 1910ರ ಮುದ್ರಣಾಲಯ ಶಾಸನವು ಸಹ, ಮುಟ್ಟುಗೋಲಿನ ಆಜ್ಞೆಯನ್ನು ಕಾರಣಸಹಿತವಾಗಿ ಗೆಜೆಟ್ಟಿನಲ್ಲಿ ಪ್ರಕಟಿಸಬೇಕೆಂದು ವಿಧಿಸಿತ್ತು. ಪರರ ಆಳಿಕೆಯಲ್ಲಿ ಇಷ್ಟಾದರೂ ಇತ್ತು. ಸ್ವತಂತ್ರ ಭಾರತದಲ್ಲಿಯೋ, ಅಂತರ್ಜಾಲದ ಬರಹಗಳನ್ನು ತಡೆಯುವ 2009ರ ನಿಯಮಾವಳಿಯ 16ನೆಯ ನಿಯಮವು ಬಂದ ದೂರನ್ನೂ ಕೈಕೊಂಡ ಕ್ರಮವನ್ನೂ ಗುಟ್ಟಾಗಿಡಬೇಕೆನ್ನುತ್ತದೆ! 2019ರ ಆಗಸ್ಟಿನಲ್ಲಿ ಕಾಶ್ಮೀರದ ಅಂತರ್ಜಾಲವನ್ನು ನಿಲ್ಲಿಸಿದ ಆಜ್ಞೆಗಳು ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಪೂರ್ಣವಾಗಿ ಬರಲಿಲ್ಲ. ಮಾದರಿಗೆ ಕೆಲವನ್ನು ಒಪ್ಪಿಸಲಾಯಿತು. ಇಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು ಆ ನ್ಯಾಯಾಲಯವು 2020ರ ಜನವರಿ 10ರಂದು ತೀರ್ಪಿತ್ತಿತು.

ನಿಷೇಧಿಸುವ ಅಧಿಕಾರವೇ ಸರಕಾರಕ್ಕೆ ಬೇಡವೆಂದು ನಾವು ವಾದಿಸುವದಿಲ್ಲ. ಗಲಭೆಯ ಹೊತ್ತಿನಲ್ಲಿ ಅದು ಬೇಕಾದೀತು. ಆದರೆ ಏನನ್ನು ತಡೆದರೆಂದೇ ತಿಳಿಯದ ಪ್ರಜೆಯು ನ್ಯಾಯಾಲಯದ ಮೆಟ್ಟಿಲನ್ನೇರಿ ಯಾವುದರ ವಿರುದ್ಧ ತಕರಾರು ಹೂಡಬೇಕು? 16ನೆಯ ನಿಯಮವನ್ನು ಕಿತ್ತು ಹಾಕಿ, ತಡೆಯಾಜ್ಞೆಯೊಂದೊಂದನ್ನೂ ಅದರ ಕಾರಣದೊಡನೆ ಗೆಜೆಟ್ಟಿನಲ್ಲಿ ಅಚ್ಚಿಸಲು ಸರಕಾರಕ್ಕಿರುವ ಅಡ್ಡಿಯಾದರೂ ಏನು?