ಕಾಫಿ ಪಲ್ಪಿಂಗ್ ನೀರಿಗೆ ಬಿಸಿಲು ಮದ್ದಾದೀತೆ?

ತರೀಕೆರೆ, ಕಡೂರು, ಅಜ್ಜಂಪುರ ಭಾಗದಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರನ್ನು ಬೆಳೆಗಾರರು ಸಾಮಾನ್ಯವಾಗಿ ಚೆಲ್ಲುವುದಿಲ್ಲ. ಮುಂದಿನ ಸಲ ಬೇಯಿಸುವ ಅಡಿಕೆಗೆ ಬಣ್ಣ ಕೊಡುವುದು ಅದೇ. ಮಿಕ್ಕಿದ್ದನ್ನು ಗಟ್ಟಿಯಾಗಿಸಿ ಬಿಸಿಲಿಗೆ ಒಣಗಿಸಿದರೆ ಅದೂ ಮಾರಾಟದ ಸರಕು. ಆದರೆ ಮೇಲಿನ ಗುಡ್ಡಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದ ನೀರನ್ನು ಕೇಳುವವರಿಲ್ಲ.

ಈ ನೀರು ಹಳ್ಳ ಸೇರಿದರೆ ಅದು ತೋಟದ ಮಾಲೀಕರ ಖಾಸಗಿ ವಿಷಯವಾಗಿ ಉಳಿಯದು. ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವ ಮಗ್ಗುಲಿನಿಂದ ಇಳಿಯುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಮುಂದೆ ವಾಣಿವಿಲಾಸ ಸಾಗರವನ್ನು ಸೇರುತ್ತವೆ. 1933ರ ನಂತರ 2022ರಲ್ಲಿ ಮೊದಲ ಬಾರಿಗೆ ಕೋಡಿ ಬಿದ್ದ ಈ ಜಲಾಶಯ ಚಿತ್ರದುರ್ಗ ಜಿಲ್ಲೆಗೆ ಕುಡಿಯುವ ನೀರಿನ ಆಸರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆಯುತ್ತದೆ. ಹಳ್ಳಗಳು ಸೊರಗತೊಡಗುವುದೂ ಆಗಲೇ.

ಇದೇ ಬಗೆಯ ಸಂಕಟವನ್ನು ಆಲಿವ್ ಎಣ್ಣೆ ತೆಗೆಯುವ ಮೆಡಿಟರೇನಿಯನ್ ದೇಶಗಳು ಅನುಭವಿಸಿವೆ. ಅಲ್ಲಿನ ಗಾಣಗಳ ಕಪ್ಪು ನೀರಿನಲ್ಲಿಯೂ ಚೊಗರಿನಲ್ಲಿರುವಂತಹ ಪಾಲಿಫಿನಾಲ್‌ಗಳಿವೆ. ಇವು ಸೂಕ್ಷ್ಮಾಣುಗಳನ್ನು ಕೊಲ್ಲುವುದರಿಂದ ನೀರು ತಾನಾಗಿ ಶುದ್ಧವಾಗಲು ಬಿಡುವುದಿಲ್ಲ. ಸ್ಪೇನ್ 1980ರ ದಶಕದಲ್ಲಿ ಇದನ್ನು ನದಿಗೆ ಬಿಡುವುದನ್ನು ತಡೆದು, ಬಯಲು ಹೊಂಡಗಳಲ್ಲಿ ಬಿಸಿಲಿಗೆ ಆರಿಸುವ ಕ್ರಮ ತಂದಿತು. ಹೊಂಡಗಳು ನಾರಿದವು. ಕೊನೆಗೆ ದೊಡ್ಡ ಪರಿಹಾರ ಸಿಕ್ಕಿದ್ದು 1990ರ ದಶಕದಲ್ಲಿ, ನೀರನ್ನೇ ಕಡಿಮೆ ಬಳಸುವ ಹೊಸ ಯಂತ್ರಗಳಿಂದ.

ವಿಜ್ಞಾನಿಗಳು ಪ್ರಯೋಗಿಸಿರುವ ಇನ್ನೊಂದು ದಾರಿ ಬಿಸಿಲಿನಿಂದಲೇ ಕೊಳೆಯನ್ನು ಒಡೆಯುವುದು. ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನ ಮೇಲೆ ಬಿಸಿಲು ಬಿದ್ದಾಗ ಹುಟ್ಟುವ ತೀವ್ರ ಕಣಗಳು ಪಾಲಿಫಿನಾಲ್‌ಗಳನ್ನು ಸೀಳುತ್ತವೆ. ಟೈಟಾನಿಯಂ ಡೈಆಕ್ಸೈಡ್ ಪುಡಿಯೂ ಇದೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಬೇಕಾದ ಅತಿನೇರಳೆ ಕಿರಣ ಬಿಸಿಲಿನಲ್ಲಿ ಶೇಕಡ 5ರ ಆಸುಪಾಸು ಮಾತ್ರ. ನೀರು ಕಪ್ಪಾಗಿದ್ದಷ್ಟೂ ಬೆಳಕು ಒಳಗಿಳಿಯದು. ಕಬ್ಬಿಣದ ವಿಧಾನಕ್ಕೆ ಮೊದಲು ನೀರನ್ನು ಹುಳಿಯಾಗಿಸಬೇಕು, ಆಮೇಲೆ ಸುಣ್ಣ ಹಾಕಬೇಕು. ತಳದಲ್ಲಿ ಉಳಿಯುವ ಕೆಸರು ಬೇರೆ. ಐದಾರು ಎಕರೆ ತೋಟದವರಿಗೆ ಇದು ಎಟಕುವ ಬಾಬತ್ತಲ್ಲ.

ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ದಾಟಬಾರದೆಂಬುದು ಕೇಂದ್ರ ಸರ್ಕಾರದ ಸಾಮಾನ್ಯ ಮಾನದಂಡ. ಪಲ್ಪಿಂಗ್ ನೀರಿನದು ಸಾವಿರಗಳಲ್ಲಿರುತ್ತದೆ. ಇಷ್ಟು ಅಂತರವನ್ನು ಬಿಸಿಲೊಂದೇ ತುಂಬದು. ಕಡಿಮೆ ನೀರಿನ ಪಲ್ಪರ್, ಬಳಸಿದ ನೀರನ್ನೇ ಮರಳಿ ಬಳಸುವುದು, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ ಅನಿಲ ತೆಗೆಯುವುದು ಮೊದಲು ಆಗಬೇಕು. ತಿಳಿಯಾಗಿ ಉಳಿದ ನೀರಿಗೆ ಕೊನೆಯ ಹಂತದಲ್ಲಿ ಬಿಸಿಲು ಸಾಕು. ಸಣ್ಣ ಬೆಳೆಗಾರರು ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಪಲ್ಪಿಂಗ್ ನೀರಿನ ಪ್ರಶ್ನೆಯೇ ಏಳದು. ಆದರೆ ಸುಲಿದು ತೊಳೆದ ಪಾರ್ಚ್‌ಮೆಂಟ್‌ಗೆ ಹೆಚ್ಚಿನ ಬೆಲೆ ಇರುವವರೆಗೆ ಅವರು ಕಣಕ್ಕೆ ಮರಳಲಾರರು. ಹೊಳೆ ಕೆಳಗಿನವರ ಕುಡಿಯುವ ನೀರಿಗಾಗಿ ಈ ಬೆಲೆಯ ಅಂತರವನ್ನು ಭರಿಸುವವರು ಯಾರೆಂಬುದನ್ನು ಕಾಫಿ ಮಂಡಳಿ ಮತ್ತು ರಾಜ್ಯ ಸರ್ಕಾರ ಕೊಯ್ಲಿಗೆ ಮುನ್ನವೇ ಹೇಳಬೇಕು.