ಮೂವಿಪಾಸ್ ಮುಳುಗಿಸಿದ್ದು ಪ್ರೇಕ್ಷಕರಲ್ಲ

ತಿಂಗಳಿಗೊಮ್ಮೆ ನಿಗದಿತ ಹಣ ಕಟ್ಟಿ ಚಿತ್ರಮಂದಿರದಲ್ಲಿ ಬೇಕಾದಷ್ಟು ಸಿನಿಮಾ ನೋಡುವ ಚಂದಾ ಪದ್ಧತಿಯ ಅತಿ ದೊಡ್ಡ ಪ್ರಯೋಗ ಅಮೆರಿಕದಲ್ಲಿ ಕುಸಿದುಬಿದ್ದದ್ದಕ್ಕೆ ಪ್ರೇಕ್ಷಕರ ದುರಾಸೆಯೇ ಕಾರಣವೆಂಬ ಮಾತನ್ನು ವಾಣಿಜ್ಯ ಅಂಕಣಗಳಲ್ಲೂ ನವೋದ್ಯಮದ ವೇದಿಕೆಗಳಲ್ಲೂ ಇಂದಿಗೂ ಹೇಳಿಕೊಂಡು ಬರಲಾಗುತ್ತಿದೆ. ಮೂವಿಪಾಸ್ ಎಂಬ ಕಂಪನಿ ತನ್ನ ಕಾಲಕ್ಕಿಂತ ಮುಂದಿತ್ತು, ಅದರ ಕಲ್ಪನೆ ಉದಾತ್ತವಾಗಿತ್ತು, ಆದರೆ ಕೊಟ್ಟ ಸಲಿಗೆಯನ್ನು ದುರುಪಯೋಗಪಡಿಸಿಕೊಂಡು ದಿನಕ್ಕೊಂದು ಸಿನಿಮಾ ನೋಡಿದ ಚಂದಾದಾರರು ಅದನ್ನು ತಿಂದುಹಾಕಿದರು ಎಂಬುದು ಈ ವಾದದ ತಿರುಳು. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಇತ್ತೀಚಿನ ವ್ಯಾಪಾರ ಚರಿತ್ರೆಯಲ್ಲಿ ಸಿಗುವುದು ಕಷ್ಟ. ಮೋಸಹೋದವರ ತಲೆಗೇ ಮೋಸದ ಹೊಣೆ ಕಟ್ಟುವ ಈ ವಾದವನ್ನು ಪಂಡಿತರು ಗಂಭೀರ ವಿಶ್ಲೇಷಣೆಯೆಂದು ಮಂಡಿಸುತ್ತಿರುವುದು ನಾಚಿಕೆಗೇಡು.

ಇಡೀ ವಿವಾದವನ್ನು ತೀರ್ಮಾನಿಸಲು ಎರಡು ಸಂಖ್ಯೆಗಳು ಸಾಕು. 2017ರ ಆಗಸ್ಟ್‌ನಲ್ಲಿ ಮೂವಿಪಾಸ್ ತನ್ನ ಮಾಸಿಕ ಚಂದಾವನ್ನು 9.95 ಡಾಲರಿಗೆ ಇಳಿಸಿ, ಅಷ್ಟಕ್ಕೇ ದಿನಕ್ಕೊಂದು ಸಿನಿಮಾ ನೋಡಬಹುದೆಂದು ಘೋಷಿಸಿತು; ಅದೇ ವರ್ಷ ಅಮೆರಿಕದ ಚಿತ್ರಮಂದಿರಗಳ ಸರಾಸರಿ ಟಿಕೆಟ್ ದರ 8.97 ಡಾಲರ್ ಆಗಿತ್ತು. ಚಂದಾದಾರನ ಕೈಗೆ ಕಂಪನಿ ಒಂದು ಡೆಬಿಟ್ ಕಾರ್ಡ್ ಕೊಡುತ್ತಿತ್ತು; ಅವನು ಚಿತ್ರಮಂದಿರದ ಬಳಿಗೆ ಹೋಗಿ ಮೊಬೈಲ್ ಆ್ಯಪ್‌ನಲ್ಲಿ ಸಿನಿಮಾ ಆರಿಸಿದೊಡನೆ ಟಿಕೆಟ್ಟಿನ ಬೆಲೆಯಷ್ಟು ಹಣ ಆ ಕಾರ್ಡಿಗೆ ಬೀಳುತ್ತಿತ್ತು, ಅವನು ಅದನ್ನೇ ಕೌಂಟರಿನಲ್ಲಿ ಕೊಟ್ಟು ಟಿಕೆಟ್ ಪಡೆಯುತ್ತಿದ್ದನು. ಅಂದರೆ ಬಹುತೇಕ ಎಲ್ಲ ಕಡೆಯೂ ಚಿತ್ರಮಂದಿರಕ್ಕೆ ಪೂರ್ತಿ ಬೆಲೆ ಸಲ್ಲುತ್ತಿತ್ತು, ರಿಯಾಯಿತಿಯ ಭಾರವೆಲ್ಲ ಮೂವಿಪಾಸಿನ ಮೇಲೆ ಬೀಳುತ್ತಿತ್ತು. ಸರಾಸರಿ ದರದ ಲೆಕ್ಕದಲ್ಲಿ ಚಂದಾದಾರನೊಬ್ಬನು ತಿಂಗಳಿಗೆ ಒಂದು ಸಿನಿಮಾ ನೋಡಿದರೆ ಕಂಪನಿಗೆ ಉಳಿಯುತ್ತಿದ್ದುದು ಒಂದು ಡಾಲರಿಗೂ ಕಡಿಮೆ, ಎರಡು ನೋಡಿದರೆ ಸುಮಾರು ಎಂಟು ಡಾಲರ್ ನಷ್ಟ; ನ್ಯೂಯಾರ್ಕಿನಂಥ ನಗರದಲ್ಲಿ ಒಂದೇ ಟಿಕೆಟ್ಟಿನ ಬೆಲೆ ಹತ್ತು ಡಾಲರನ್ನು ಮೀರುತ್ತಿದ್ದುದರಿಂದ ಮೊದಲ ಸಿನಿಮಾಕ್ಕೇ ನಷ್ಟ. ದಿನಕ್ಕೊಂದು ಸಿನಿಮಾ ನೋಡಿ ಎಂದು ಕರೆದವರೇ ತಿಂಗಳಿಗೆ ಎರಡು ನೋಡಿದವರನ್ನು ದುರಾಸೆಯವರೆಂದು ಜರೆಯುವುದಾದರೆ, ದುರಾಸೆಯಿಲ್ಲದ ಚಂದಾದಾರನೆಂದರೆ ಹಣ ಕಟ್ಟಿಯೂ ಸಿನಿಮಾ ನೋಡದವನು ಎಂದೇ ಅರ್ಥ ಮಾಡಬೇಕಾಗುತ್ತದೆ.

ಈ ಲೆಕ್ಕ ಕಂಪನಿಯನ್ನು ನಡೆಸುತ್ತಿದ್ದವರಿಗೆ ತಿಳಿದಿರಲಿಲ್ಲವೆಂದು ನಂಬಲು ಸಾಧ್ಯವಿಲ್ಲ. 2011ರಲ್ಲಿ ಸ್ಟೇಸಿ ಸ್ಪೈಕ್ಸ್ ಮತ್ತು ಹ್ಯಾಮೆಟ್ ವಾಟ್ ಮೂವಿಪಾಸನ್ನು ಆರಂಭಿಸಿದಾಗ ಸ್ಯಾನ್ ಫ್ರಾನ್ಸಿಸ್ಕೋದ ಮೊದಲ ಪ್ರಯೋಗಕ್ಕೆ ಅವರು ಇಟ್ಟ ಮಾಸಿಕ ದರ 50 ಡಾಲರ್. ಅನಂತರದ ವರ್ಷಗಳಲ್ಲಿ ದರ ಹಲವು ಬಾರಿ ಏರಿಳಿಯಿತಾದರೂ ವ್ಯಾಪಾರ ಚಿಕ್ಕದಾಗಿಯೇ ಉಳಿಯಿತು. ನೆಟ್‌ಫ್ಲಿಕ್ಸ್‌ನ ಆರಂಭದ ದಿನಗಳಲ್ಲಿ ಅಲ್ಲಿದ್ದು, ಮುಂದೆ ರೆಡ್‌ಬಾಕ್ಸ್ ಎಂಬ ಡಿವಿಡಿ ಬಾಡಿಗೆ ಕಂಪನಿಯ ಅಧ್ಯಕ್ಷನಾಗಿದ್ದ ಮಿಚ್ ಲೋ 2016ರಲ್ಲಿ ಮುಖ್ಯಸ್ಥನಾಗಿ ಬಂದನು. ಮರುವರ್ಷ ಟೆಡ್ ಫಾರ್ನ್ಸ್‌ವರ್ತ್ ನೇತೃತ್ವದ ಹೀಲಿಯೋಸ್ ಆ್ಯಂಡ್ ಮ್ಯಾಥೆಸನ್ ಅನಾಲಿಟಿಕ್ಸ್ ಎಂಬ ದತ್ತಾಂಶ ವಿಶ್ಲೇಷಣಾ ಕಂಪನಿ ಮೂವಿಪಾಸಿನ ಬಹುಪಾಲು ಒಡೆತನವನ್ನು ಕೊಂಡ ಕೂಡಲೇ 9.95 ಡಾಲರಿನ ಘೋಷಣೆ ಹೊರಬಿತ್ತು. ಸುಮಾರು 20 ಸಾವಿರದಷ್ಟಿದ್ದ ಚಂದಾದಾರರು 2017ರ ಡಿಸೆಂಬರಿನಲ್ಲಿ 10 ಲಕ್ಷ, 2018ರ ಜೂನಿನಲ್ಲಿ 30 ಲಕ್ಷ ಆದರು. ಹೊಸ ದರ ಉಳಿಯಲಾರದೆಂದು ಎಚ್ಚರಿಸಿದ ಸ್ಪೈಕ್ಸ್‌ನನ್ನು 2018ರ ಆರಂಭದಲ್ಲಿ ಅವನೇ ಕಟ್ಟಿದ ಕಂಪನಿಯಿಂದ ಹೊರಹಾಕಲಾಯಿತು. ದೇಶದ ಅತಿ ದೊಡ್ಡ ಚಿತ್ರಮಂದಿರ ಸಮೂಹವಾದ ಎಎಂಸಿ ಕೂಡ ಈ ದರ ನಡೆಯುವಂಥದ್ದಲ್ಲವೆಂದು ಘೋಷಣೆಯ ದಿನವೇ ಹೇಳಿತ್ತು. ಆಗ ವಾಣಿಜ್ಯ ಪತ್ರಿಕೆಗಳ ಕಣ್ಣಿಗೆ ಎಎಂಸಿ ಬದಲಾವಣೆಗೆ ಹೆದರುವ ಹಳೆಯ ಕಾಲದ ಜಮೀನ್ದಾರನಂತೆ ಕಂಡಿತು.

ಹಾಗಾದರೆ ನಷ್ಟವೆಂದು ಗೊತ್ತಿದ್ದೂ ಮಾರಿದ್ದೇಕೆ? ಅಲ್ಲಿ ನಿಜವಾಗಿ ಮಾರಾಟಕ್ಕಿದ್ದ ಸರಕು ಟಿಕೆಟ್ ಆಗಿರಲಿಲ್ಲ, ಹೀಲಿಯೋಸ್ ಕಂಪನಿಯ ಷೇರು ಆಗಿತ್ತು. ಚಂದಾದಾರರ ಸಂಖ್ಯೆ ಏರಿದಂತೆ ಷೇರಿನ ಬೆಲೆ ಏರಿ 2017ರ ಅಕ್ಟೋಬರಿನಲ್ಲಿ 30 ಡಾಲರ್ ದಾಟಿತು. ಆ ಏರಿಕೆಯ ಬಲದ ಮೇಲೆ ಕಂಪನಿ ಹೊಸ ಷೇರುಗಳನ್ನು ಮತ್ತೆ ಮತ್ತೆ ಹೊರಡಿಸಿ ಹಣ ಎತ್ತಿತು, ಎತ್ತಿದ ಹಣವನ್ನು ಟಿಕೆಟ್ಟಿಗೆ ಸುರಿದು ಇನ್ನಷ್ಟು ಚಂದಾದಾರರನ್ನು ತೋರಿಸಿತು. 2017ರಲ್ಲಿ ಹೀಲಿಯೋಸ್‌ನ ನಷ್ಟ 15 ಕೋಟಿ ಡಾಲರ್. ಕೇಳಿದವರಿಗೆಲ್ಲ ಸಿಕ್ಕ ಉತ್ತರ ಒಂದೇ, ಪ್ರೇಕ್ಷಕರ ದತ್ತಾಂಶದಿಂದ ಮುಂದೆ ಲಾಭ ಬರುತ್ತದೆ ಎಂಬುದು. ದತ್ತಾಂಶವೆಂದರೆ ಇಲ್ಲಿ ಚಂದಾದಾರ ಯಾವ ಸಿನಿಮಾ ನೋಡಿದ, ಎಲ್ಲಿಂದ ಬಂದ, ಮುಗಿದ ಮೇಲೆ ಎಲ್ಲಿಗೆ ಹೋದ ಎಂಬ ವಿವರ. ಅದನ್ನು ಕಂಪನಿ ಗಮನಿಸುತ್ತಿದೆಯೆಂದು 2018ರ ಮಾರ್ಚ್‌ನಲ್ಲಿ ಮಿಚ್ ಲೋ ಉದ್ಯಮಿಗಳ ಸಭೆಯಲ್ಲೇ ಹೆಮ್ಮೆಯಿಂದ ಹೇಳಿಕೊಂಡು, ಗದ್ದಲವೆದ್ದ ಮೇಲೆ ಮಾತು ಹಿಂತೆಗೆದುಕೊಂಡನು. 30 ಲಕ್ಷ ಜನ ಸಿನಿಮಾದಿಂದ ಮನೆಗೆ ಹೋಗುವ ದಾರಿ ತಿಳಿದರೆ ತಲೆಗೆ ಎಂಟು ಡಾಲರಿನ ನಷ್ಟ ತುಂಬುವುದು ಹೇಗೆಂದು ಯಾರೂ ವಿವರಿಸಲಿಲ್ಲ, ಏಕೆಂದರೆ ವಿವರಣೆ ಇರಲಿಲ್ಲ.

2018ರ ಜುಲೈ ಕೊನೆಯ ವಾರದಲ್ಲಿ ಈ ಕಟ್ಟಡ ಕುಸಿಯಿತು. ಷೇರಿನ ಬೆಲೆ ಕೆಲವು ಸೆಂಟುಗಳಿಗೆ ಇಳಿದಿದ್ದರಿಂದ ಕಂಪನಿಯು 250 ಹಳೆಯ ಷೇರುಗಳನ್ನು ಸೇರಿಸಿ ಒಂದು ಹೊಸ ಷೇರು ಮಾಡುವ ರಿವರ್ಸ್ ಸ್ಪ್ಲಿಟ್ ಎಂಬ ಕ್ರಮಕ್ಕೆ ಮೊರೆಹೋಗಿ ಬೆಲೆಯನ್ನು ಕೃತಕವಾಗಿ ಎತ್ತಿತು. ಆ ಬೆಲೆ ಕೆಲವೇ ದಿನಗಳಲ್ಲಿ ಮತ್ತೆ ಒಂದು ಡಾಲರಿಗಿಂತ ಕೆಳಗಿಳಿಯಿತು. ಜುಲೈ 26ರ ರಾತ್ರಿ ಟಿಕೆಟ್ ಖರೀದಿಗೆ ಹಣವೇ ಇಲ್ಲದೆ ಸೇವೆ ನಿಂತುಹೋಗಿ, ಮರುದಿನ 50 ಲಕ್ಷ ಡಾಲರ್ ತುರ್ತು ಸಾಲ ತಂದು ಅದನ್ನು ಮತ್ತೆ ನಡೆಸಲಾಯಿತು. ಆಗಸ್ಟ್‌ನಲ್ಲಿ ದಿನಕ್ಕೊಂದು ಎಂಬ ವಾಗ್ದಾನ ತಿಂಗಳಿಗೆ ಮೂರು ಎಂದು ಕುಗ್ಗಿತು. 2019ರ ಸೆಪ್ಟೆಂಬರ್ 14ರಂದು ಸೇವೆ ನಿಂತಿತು, 2020ರ ಜನವರಿಯಲ್ಲಿ ಹೀಲಿಯೋಸ್ ಅಮೆರಿಕದ ದಿವಾಳಿ ಕಾಯ್ದೆಯ ಚಾಪ್ಟರ್ 7ರ ಅಡಿ, ಅಂದರೆ ಕಂಪನಿಯನ್ನು ಉಳಿಸುವ ಯತ್ನವಿಲ್ಲದೆ ಆಸ್ತಿಯನ್ನೆಲ್ಲ ಮಾರಿ ಸಾಲ ಕೊಟ್ಟವರಿಗೆ ಹಂಚುವ ಕ್ರಮದಡಿ, ಅರ್ಜಿ ಹಾಕಿತು.

ದುರಾಸೆಯ ಆರೋಪ ಹೊರಿಸುವವರು ಓದಲೇಬೇಕಾದ ದಾಖಲೆಯೊಂದಿದೆ. ಅದನ್ನು ಅವರು ಓದಿದ್ದರೆ ಈ ಮಾತು ಆಡಲು ಬಾಯಿ ಬರುತ್ತಿರಲಿಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2021ರ ಜೂನಿನಲ್ಲಿ ಸಲ್ಲಿಸಿದ ದೂರಿನ ಪ್ರಕಾರ, ಅತಿ ಹೆಚ್ಚು ಸಿನಿಮಾ ನೋಡುತ್ತಿದ್ದ 75 ಸಾವಿರ ಚಂದಾದಾರರ ಪಾಸ್‌ವರ್ಡ್‌ಗಳನ್ನು ಕಂಪನಿಯೇ ರದ್ದುಮಾಡಿ, ಅವರ ಖಾತೆಗಳಲ್ಲಿ ಸಂಶಯಾಸ್ಪದ ಚಟುವಟಿಕೆ ಕಂಡುಬಂದಿದೆಯೆಂಬ ಸುಳ್ಳು ಕಾರಣ ಕೊಟ್ಟಿತು. ಹೊಸ ಪಾಸ್‌ವರ್ಡ್ ಪಡೆಯಲು ಯತ್ನಿಸಿದ ಅನೇಕರಿಗೆ ಅದು ಕೈಗೂಡಲಿಲ್ಲ. ಇದು ಸಾಲದೆಂದು ಸುಮಾರು 4.5 ಲಕ್ಷ ಚಂದಾದಾರರು ತಾವು ಕೊಂಡ ಕಾಗದದ ಟಿಕೆಟ್ಟಿನ ಚಿತ್ರ ತೆಗೆದು ಗಡುವಿನೊಳಗೆ ಆ್ಯಪ್‌ಗೆ ಕಳಿಸಬೇಕೆಂದು ವಿಧಿಸಲಾಯಿತು, ತಪ್ಪಿದವರಿಗೆ ಸೇವೆ ನಿಲ್ಲಿಸಲಾಯಿತು. ಮೂರನೆಯ ಉಪಾಯವೆಂದರೆ ಹೆಚ್ಚು ನೋಡುವವರನ್ನು ಗುಂಪು ಮಾಡಿ, ಆ ಗುಂಪಿನ ಒಟ್ಟು ಖರ್ಚು ಒಂದು ಮಿತಿ ಮುಟ್ಟಿದೊಡನೆ ಎಲ್ಲರ ಬಾಗಿಲನ್ನೂ ಒಟ್ಟಿಗೆ ಮುಚ್ಚುವುದು. ದಿನಕ್ಕೊಂದು ಸಿನಿಮಾ ಎಂದು ಜಾಹೀರಾತು ಕೊಟ್ಟು ಹಣ ಪಡೆದವರು, ಆ ಜಾಹೀರಾತನ್ನು ನಂಬಿದವರ ಮೇಲೆಯೇ ಸಂಶಯ ಹೊರಿಸಿದರು. ಒಪ್ಪಂದದಂತೆ ನಡೆದುಕೊಂಡವನಿಗೆ ಸಿಕ್ಕ ಶಿಕ್ಷೆಯಿದು. ಇದನ್ನು ವ್ಯಾಪಾರದ ತಂತ್ರವೆಂದು ಕರೆಯುವವರ ನ್ಯಾಯಬುದ್ಧಿ ಎಲ್ಲಿ ಅಡಗಿದೆಯೋ ತಿಳಿಯದು.

ಈ ರೋಗ ಸಿನಿಮಾಕ್ಕೆ ಸೀಮಿತವಾಗಿಲ್ಲ. ಹೂಡಿಕೆದಾರರ ಹಣವನ್ನು ಸುರಿದು ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ, ನ್ಯಾಯವಾದ ಬೆಲೆಗೆ ಮಾರುತ್ತಿದ್ದವನನ್ನು ಮೂಲೆಗುಂಪು ಮಾಡಿ, ಜನರಿಗೆ ಹುಸಿ ಬೆಲೆಯ ಅಭ್ಯಾಸ ಹಿಡಿಸಿ, ಕೊನೆಗೆ ಬೆಲೆ ಏರಿಸುವ ಇಲ್ಲವೇ ಬಾಗಿಲು ಹಾಕಿ ಹೊರಡುವ ಆಟವನ್ನು ಟ್ಯಾಕ್ಸಿಯಲ್ಲೂ ಊಟದ ವಿತರಣೆಯಲ್ಲೂ ದಿನಸಿಯಲ್ಲೂ ಜಗತ್ತು ಕಂಡಿದೆ. ಬೆಂಗಳೂರಿನ ಆಟೋ ಚಾಲಕರಿಗೂ ಬೀದಿ ಕೊನೆಯ ಅಂಗಡಿಯವರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಸಲವೂ ಆಟ ಹೂಡಿದವರಿಗೆ ದಾರ್ಶನಿಕರೆಂಬ ಬಿರುದು ದಕ್ಕುತ್ತದೆ, ಪ್ರತಿ ಸಲವೂ ಸೋಲಿನ ಹೊಣೆ ಅಗ್ಗದ ಬೆಲೆ ಬಯಸಿದ ಜನರ ಪಾಲಿಗೆ ಬರುತ್ತದೆ. ಸಂಬಳದ ಕೊನೆಯಲ್ಲಿ ಉಳಿದ ಹಣದಿಂದ ಮನರಂಜನೆ ಕೊಳ್ಳುವವನು ಅಗ್ಗದ್ದನ್ನು ಬಯಸುವುದು ಅಪರಾಧವಾದದ್ದು ಯಾವಾಗಿನಿಂದ?

ಚಂದಾ ಪದ್ಧತಿಯೇ ಅಸಾಧ್ಯವೆಂಬ ಇನ್ನೊಂದು ತೀರ್ಪೂ ಅಷ್ಟೇ ಪೊಳ್ಳು. ಎಎಂಸಿ 2018ರ ಜೂನಿನಲ್ಲಿ ತಿಂಗಳಿಗೆ 19.95 ಡಾಲರಿಗೆ ವಾರಕ್ಕೆ ಮೂರು ಸಿನಿಮಾ ತೋರಿಸುವ ಎ-ಲಿಸ್ಟ್ ಯೋಜನೆ ತಂದಿತು, ಅದು ಇಂದಿಗೂ ಬೇರೆ ದರದಲ್ಲಿ ನಡೆಯುತ್ತಿದೆ. 2019ರಲ್ಲಿ ರೀಗಲ್ ಸಮೂಹವೂ ಅದೇ ಹಾದಿ ಹಿಡಿಯಿತು. ಇವು ಉಳಿದದ್ದಕ್ಕೆ ಕಾರಣ ಸರಳ. ಕುರ್ಚಿ ಯಾರದೋ ಅವರೇ ಚಂದಾ ಮಾರುತ್ತಾರೆ. ಮಂಗಳವಾರ ಮಧ್ಯಾಹ್ನದ ಆಟದಲ್ಲಿ ಖಾಲಿ ಉಳಿದ ಕುರ್ಚಿ ಆಟ ಮುಗಿದ ಕ್ಷಣವೇ ಬೆಲೆ ಕಳೆದುಕೊಳ್ಳುವ ಸರಕು. ಅಲ್ಲಿ ಚಂದಾದಾರನನ್ನು ಕೂರಿಸಿದರೆ ಚಿತ್ರಮಂದಿರಕ್ಕೆ ತಗಲುವ ಹೆಚ್ಚಿನ ಖರ್ಚೆಂದರೆ ವಿತರಕನ ಪಾಲು ಮಾತ್ರ, ಅವನು ಕೊಳ್ಳುವ ಪಾಪ್‌ಕಾರ್ನ್ ಮತ್ತು ತಂಪು ಪಾನೀಯದ ಲಾಭ ಬಹುಪಾಲು ಚಿತ್ರಮಂದಿರದ್ದೇ. ಮೂವಿಪಾಸಿಗೆ ಒಂದೇ ಒಂದು ಕುರ್ಚಿಯೂ ಸ್ವಂತವಾಗಿರಲಿಲ್ಲ, ಒಂದು ಪೊಟ್ಟಣ ಪಾಪ್‌ಕಾರ್ನ್‌ನ ಲಾಭವೂ ಅದರದಾಗಿರಲಿಲ್ಲ; ಸ್ವಂತ ಕುರ್ಚಿಯಿಲ್ಲದೆ ಚಂದಾ ಮಾರಲು ಹೊರಟ ಸಿನಿಮಿಯಾ ಎಂಬ ಇನ್ನೊಂದು ಕಂಪನಿಯೂ 2019ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಕಣ್ಮುಚ್ಚಿತು.

ಆದರೆ ನಿಜವಾಗಿ ಕಣ್ಣು ತೆರೆಸಬೇಕಾದ ಉದಾಹರಣೆ ಫ್ರಾನ್ಸಿನದು. 2000ದ ಮಾರ್ಚ್‌ನಲ್ಲಿ ಯುಜಿಸಿ ಎಂಬ ದೊಡ್ಡ ಚಿತ್ರಮಂದಿರ ಸಮೂಹ ತಿಂಗಳಿಗೆ 98 ಫ್ರಾಂಕಿಗೆ ಮಿತಿಯಿಲ್ಲದೆ ಸಿನಿಮಾ ನೋಡುವ ಕಾರ್ಡನ್ನು ಹೊರತಂದಾಗ ಸಣ್ಣ ಚಿತ್ರಮಂದಿರಗಳ ಒಡೆಯರು, ನಿರ್ಮಾಪಕರು, ನಿರ್ದೇಶಕರು ಸಿಡಿದೆದ್ದರು. ಪ್ರೇಕ್ಷಕ ಟಿಕೆಟ್ಟನ್ನೇ ಕೊಳ್ಳದಿದ್ದರೆ ಟಿಕೆಟ್ಟಿನ ಮೇಲಿನ ತಮ್ಮ ಪಾಲನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕುವುದು ಎಂಬುದು ಅವರ ಪ್ರಶ್ನೆ. ಫ್ರಾನ್ಸಿನ ಸಂಸತ್ತು ಆ ಪ್ರಶ್ನೆಯನ್ನು ಮಾರುಕಟ್ಟೆಗೆ ಬಿಟ್ಟು ಕೈತೊಳೆದುಕೊಳ್ಳಲಿಲ್ಲ. 2001ರ ಮೇ ತಿಂಗಳಲ್ಲಿ ಅಂಗೀಕಾರವಾದ ಕಾನೂನಿನ ಪ್ರಕಾರ ಇಂಥ ಯಾವುದೇ ಚಂದಾ ಯೋಜನೆಗೆ ರಾಷ್ಟ್ರೀಯ ಸಿನಿಮಾ ಕೇಂದ್ರದ ಒಪ್ಪಿಗೆ ಬೇಕು. ಚಂದಾದಾರ ನೋಡಿದ ಪ್ರತಿ ಸಿನಿಮಾಕ್ಕೂ ಒಂದು ಆಧಾರ ಬೆಲೆ ನಿಗದಿಯಾಗಿ, ಅದರ ಮೇಲೆ ವಿತರಕ ಮತ್ತು ನಿರ್ಮಾಪಕರಿಗೆ ಪಾಲು ಸಲ್ಲಬೇಕು. ದೊಡ್ಡ ಸಮೂಹಗಳು ಸಣ್ಣ ಚಿತ್ರಮಂದಿರಗಳಿಗೂ ಯೋಜನೆಯಲ್ಲಿ ಸೇರುವ ಅವಕಾಶ ಕೊಟ್ಟು ಕನಿಷ್ಠ ಮೊತ್ತದ ಖಾತರಿ ನೀಡಬೇಕು. ಕಾಲು ಶತಮಾನ ಕಳೆದರೂ ಆ ಕಾರ್ಡು ಚಲಾವಣೆಯಲ್ಲಿದೆ. ಪ್ರೇಕ್ಷಕನ ದುರಾಸೆ ಚಂದಾ ಪದ್ಧತಿಯನ್ನು ಕೊಲ್ಲುವುದಾಗಿದ್ದರೆ ಪ್ಯಾರಿಸ್ಸಿನ ಸಿನಿಮಾಪ್ರಿಯರು ಅದನ್ನು ಎಂದೋ ಕೊಂದಿರಬೇಕಿತ್ತು.

ಭಾರತಕ್ಕೂ ಈ ವಿವಾದ ದೂರದ್ದಲ್ಲ. 2023ರ ಅಕ್ಟೋಬರಿನಲ್ಲಿ ಪಿವಿಆರ್ ಐನಾಕ್ಸ್ ಸಮೂಹ 699 ರೂಪಾಯಿಗೆ ತಿಂಗಳಲ್ಲಿ ಹತ್ತು ಸಿನಿಮಾ ತೋರಿಸುವ ಪಾಸ್‌ಪೋರ್ಟ್ ಯೋಜನೆ ಆರಂಭಿಸಿತು. ಸೋಮವಾರದಿಂದ ಗುರುವಾರದವರೆಗೆ ಮಾತ್ರ, ದುಬಾರಿ ಪರದೆಗಳನ್ನು ಬಿಟ್ಟು. ಹತ್ತನ್ನೂ ನೋಡಿದವನಿಗೆ ಒಂದು ಸಿನಿಮಾದ ಬೆಲೆ 70 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿದಾಗ ಮಲ್ಟಿಪ್ಲೆಕ್ಸ್ ಉದ್ಯಮ ಹೈಕೋರ್ಟಿನ ಮೆಟ್ಟಿಲೇರಿ ಅದೇ ತಿಂಗಳು ತಡೆಯಾಜ್ಞೆ ತಂದಿತು. ವಾರದ ದಿನ 70 ರೂಪಾಯಿಗೆ ಕುರ್ಚಿ ಕೊಡಬಲ್ಲ ಉದ್ಯಮಕ್ಕೆ 200 ರೂಪಾಯಿ ಹೇಗೆ ಹೊರೆಯಾಯಿತೆಂಬುದನ್ನು ಅದು ಪ್ರೇಕ್ಷಕರಿಗೆ ವಿವರಿಸುವ ಗೋಜಿಗೆ ಹೋಗಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಆ 70 ರೂಪಾಯಿಯಲ್ಲಿ ಸಣ್ಣ ನಿರ್ಮಾಪಕನಿಗೆ ಸಿಗುವುದೆಷ್ಟು ಎಂಬುದು. ಮೊದಲ ವಾರದ ನಂತರ ಮಲ್ಟಿಪ್ಲೆಕ್ಸ್ ಗಳಿಕೆಯಲ್ಲಿ ತನ್ನ ಪಾಲು ಕರಗುವುದನ್ನು ನೋಡುತ್ತ ಕೂರುವ ಕನ್ನಡ ನಿರ್ಮಾಪಕನಿಗೆ, ವಾರದ ದಿನಗಳ ಟಿಕೆಟ್ಟಿನ ಬೆಲೆ ಏನೆಂದೇ ತಿಳಿಯದ ಚಂದಾ ಪದ್ಧತಿ ಇನ್ನೊಂದು ಪೆಟ್ಟಾಗಬಾರದು.

ಅಮೆರಿಕದ ನ್ಯಾಯಾಲಯದಲ್ಲಿ ಹೂಡಿಕೆದಾರರನ್ನು ವಂಚಿಸಿದ ಪ್ರಕರಣದಲ್ಲಿ ಮಿಚ್ ಲೋ 2024ರ ಸೆಪ್ಟೆಂಬರಿನಲ್ಲೂ ಟೆಡ್ ಫಾರ್ನ್ಸ್‌ವರ್ತ್ 2025ರ ಜನವರಿಯಲ್ಲೂ ತಪ್ಪೊಪ್ಪಿಕೊಂಡಿದ್ದಾರೆ. 9.95 ಡಾಲರಿನ ದರ ಬಾಳುವಂಥದ್ದೆಂದು ಹೂಡಿಕೆದಾರರನ್ನು ನಂಬಿಸಿದ್ದೇ ಆ ಪ್ರಕರಣದ ಮುಖ್ಯ ಆರೋಪ. ಆದ್ದರಿಂದ ದುರಾಸೆಯ ಪ್ರೇಕ್ಷಕರ ಕಥೆಯನ್ನು ಇನ್ನೂ ಹೇಳುತ್ತಿರುವವರು ಅದನ್ನು ಇನ್ನಾದರೂ ನಿಲ್ಲಿಸಬೇಕು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ರಾಜ್ಯ ಸರ್ಕಾರವೂ ದರದ ಮಿತಿಯ ಜಗಳದಲ್ಲೇ ಮುಳುಗಿರದೆ, ಈ ರಾಜ್ಯದಲ್ಲಿ ಮಾರಾಟವಾಗುವ ಪ್ರತಿಯೊಂದು ಚಂದಾ ಪಾಸಿಗೂ ಫ್ರಾನ್ಸಿನ ಮಾದರಿಯ ಆಧಾರ ಬೆಲೆಯನ್ನು ಗೊತ್ತುಮಾಡಿ, ನಿರ್ಮಾಪಕರ ಪಾಲನ್ನು ಬರಹದಲ್ಲಿ ಬಹಿರಂಗಪಡಿಸುವ ನಿಯಮವನ್ನು ತಡಮಾಡದೆ ತರಬೇಕು.